ಮಂಡಿ ಮಹಡಿಯಲ್ಲಿ ಅಜ್ಜಿಯ ಮುಖ

ತಿಪಟೂರಿನಲ್ಲಿ ಒಂದು ಚಿತ್ರಶಾಲೆ ಇತ್ತು ಎಂದರೆ ಈಗಿನವರು ನಗುತ್ತಾರೆ. ಕೊಬ್ಬರಿ ಬಿಟ್ಟರೆ ಆ ಊರಿನಲ್ಲಿ ಇನ್ನೇನಿದ್ದೀತು ಎಂಬ ಧಾಟಿ. ನನಗೆ ಮೈಯೆಲ್ಲ ಉರಿಯುತ್ತದೆ. ಇತ್ತು ಕಣ್ರೀ! ಎಪ್ಪತ್ತರ ದಶಕದ ಕೊನೆಯಲ್ಲಿ ಅಲ್ಲಿ ಕಲಿತವಳು ನಾನೇ ಬದುಕಿದ್ದೇನಲ್ಲ. ಕೊಬ್ಬರಿ ಮಂಡಿಯೊಂದರ ಮೇಲಿನ ಉದ್ದನೆಯ ಕೋಣೆ, ಹತ್ತುವುದಕ್ಕೆ ಕಿರುಗುಟ್ಟುವ ಮರದ ಮೆಟ್ಟಿಲು. ಕೆಳಗೆ ಹಮಾಲರು ಚೀಲ ಎತ್ತಿಹಾಕಿದರೆ ಮೇಲೆ ನಮ್ಮ ಪೆನ್ಸಿಲ್ ಗೆರೆ ನಡುಗುತ್ತಿತ್ತು. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಆ ಮೆಟ್ಟಿಲನ್ನೂ ಕಿತ್ತುಹಾಕಿದ್ದಾರೆ, ಪುಣ್ಯಾತ್ಮರು.

ಮೇಷ್ಟ್ರು ಮೈಸೂರಿನಲ್ಲಿ ಕಲಿತು ಬಂದ ಸಣಕಲು ಮನುಷ್ಯ. ಜುಬ್ಬಾದ ತೋಳಿಗೆ ಸದಾ ಬಣ್ಣ ಮೆತ್ತಿರುತ್ತಿತ್ತು. "ಡ್ರಾಯಿಂಗ್ ಹೈಯರ್ ಪರೀಕ್ಷೆ ಒಂದು ಪಾಸ್ ಮಾಡಿಬಿಡಮ್ಮ, ಯಾವುದಾದರೂ ಸ್ಕೂಲಲ್ಲಿ ಡ್ರಾಯಿಂಗ್ ಟೀಚರ್ ಆಗ್ತೀಯ" ಎಂದು ಅವರು ಹೇಳಿದ ಮಾತಿಗೆ ನಾನು ಜೋತುಬಿದ್ದಿದ್ದೆ. ಕಿಬ್ಬನಹಳ್ಳಿ ಹತ್ತಿರದ ನಮ್ಮೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ.

ಆದರೆ ಊರಿನವರ ಬಾಯಿ ಸುಮ್ಮನಿರಬೇಕಲ್ಲ. "ಚಿತ್ರ ಬರ್ಯಕ್ಕೂ ಇಸ್ಕೂಲಾ?" ಎಂಬಲ್ಲಿಂದ ಶುರುವಾಗಿ, "ಅಲ್ಲಿ ಮನುಷ್ಯರ್ನ ಎದುರಿಗೆ ಕೂರಿಸ್ಕಂಡು ದುರುಗುಟ್ಟಿ ನೋಡ್ತಾರಂತೆ ಕಣಪ್ಪ" ಎಂಬಲ್ಲಿಗೆ ಬಂದು ಅಪ್ಪನ ಕಿವಿಗೆ ಬಿತ್ತು. ಅಪ್ಪ ಸಾಕು ಎಂದರು. ನಾನು ಅತ್ತು ಕರೆದು ರಂಪ ಮಾಡಿದೆ. ಕೊನೆಗೆ ಅಪ್ಪ ತಮ್ಮ ತಾಯಿಗೆ, ಅಂದರೆ ನನ್ನ ಅಜ್ಜಿಗೆ, ತೀರ್ಮಾನ ಬಿಟ್ಟರು. "ನೀನೇ ಹೋಗಿ ನೋಡ್ಕಂಡು ಬಾ ಕಣವ್ವ. ನೀನು ಬ್ಯಾಡ ಅಂದ್ರೆ ನಾಳಿಂದ್ಲೇ ಬುಡಿಸ್ತೀನಿ."

ಅಜ್ಜಿ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ತೋಟ, ದನ, ಆಳುಕಾಳು ಎಲ್ಲವನ್ನೂ ಗದರಿಕೊಂಡೇ ಸಂಭಾಳಿಸಿದ ಗಟ್ಟಿಗಿತ್ತಿ. ಅಂಥವಳು, ಮನೆಯಿಂದ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ಮಾತ್ರ ತಾನಾಗಿಯೇ ಎದ್ದು ಹಿತ್ತಲ ಕೊಟ್ಟಿಗೆಗೆ ಹೋಗಿಬಿಡುತ್ತಿದ್ದಳು. ವಿಧವೆಯ ಮುಖ ಎದುರಾಗಬಾರದಲ್ಲ, ಅದಕ್ಕೆ. ಹೋಗು ಎಂದು ಯಾರೂ ಅನ್ನುತ್ತಿರಲಿಲ್ಲ, ಇರು ಎಂದೂ ಅನ್ನುತ್ತಿರಲಿಲ್ಲ. ಹುಟ್ಟಿದಾಗಿನಿಂದ ನೋಡುತ್ತಿದ್ದ ನನಗೆ ಅದು ಹಾಲು ಕರೆಯುವಷ್ಟೇ ಮಾಮೂಲಿಯಾಗಿತ್ತು.

ನಾವು ಹೋದ ದಿನ ಕೆಳಗೆ ಮಂಡಿಯಲ್ಲಿ ಜೋರು ವ್ಯಾಪಾರ. ಅಜ್ಜಿ ರಾಶಿಯಿಂದ ಒಂದು ಕೊಬ್ಬರಿ ಚೂರು ಎತ್ತಿ ದವಡೆಗೆ ಇಟ್ಟುಕೊಂಡು, "ನಮ್ ತ್ವಾಟದ್ದರಷ್ಟು ಸಿಹಿ ಇಲ್ಲ" ಎಂದು ಮಂಡಿಯವನಿಗೆ ಕೇಳಿಸುವ ಹಾಗೆ ಹೇಳಿ ಮೆಟ್ಟಿಲು ಹತ್ತಿದಳು. ಮೇಲೆ ಮೇಷ್ಟ್ರು ಪೇಚಾಡುತ್ತಿದ್ದರು. ನಾವು ನೋಡಿ ಬರೆಯಲೆಂದು ಯಾವಾಗಲೂ ಬಂದು ಕೂರುತ್ತಿದ್ದ ಹಮಾಲನಿಗೆ ಅವತ್ತು ಬಿಡುವಿರಲಿಲ್ಲ, ಕುರ್ಚಿ ಖಾಲಿ. ಅಜ್ಜಿಯನ್ನು ಕಂಡದ್ದೇ ತಡ, ಮೇಷ್ಟ್ರ ಕಣ್ಣು ಅರಳಿತು.

"ಅಮ್ಮಾ, ನೀವೇ ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಮಕ್ಕಳು ನಿಮ್ಮ ಮುಖ ಬರೀತಾರೆ."

ಯಾವುದನ್ನು ಕೇಳಿ ಅಪ್ಪ ಕೆಂಡವಾಗಿದ್ದರೋ ಅದಕ್ಕೇ ಇವರು ಅಜ್ಜಿಯನ್ನು ಕರೆಯುವುದೇ! ಅಜ್ಜಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. "ನನ್ ಮುಖವಾ? ಬೆಳಿಗ್ಗೆ ಬೆಳಿಗ್ಗೆ ಮಕ್ಳಿಗೆ ಯಾಕಪ್ಪ ನನ್ ಮುಖ?"

"ಇಂಥ ಮುಖ ಸಿಗಬೇಕಲ್ಲ ತಾಯಿ" ಎಂದರು ಮೇಷ್ಟ್ರು. ಅಜ್ಜಿ ಅವರನ್ನೇ ಒಂದು ಗಳಿಗೆ ದಿಟ್ಟಿಸಿ, ಹೋಗಿ ಕೂತಳು.

ಕೂತಳು ಎಂದರೆ ಸುಮ್ಮನೆ ಕೂತಳೇ? "ಲೇ, ಬೆನ್ನು ನೆಟ್ಟಗೆ ಮಾಡ್ಕಂಡು ಕೂತ್ಕಳ್ಲಾ" ಎಂದು ಒಬ್ಬನಿಗೆ. "ಉಗುರು ಕಚ್ಬ್ಯಾಡ ಕಣೇ" ಎಂದು ಇನ್ನೊಬ್ಬಳಿಗೆ. ನಡುವೆ ಕೊಬ್ಬರಿ ಚೂರನ್ನು ಎಡದವಡೆಯಿಂದ ಬಲದವಡೆಗೆ ದಾಟಿಸಿಬಿಟ್ಟಳು. ಮುಗಿದ ಮೇಲೆ ನೋಡಿದರೆ ಅರ್ಧ ಕ್ಲಾಸಿನ ಚಿತ್ರಗಳಲ್ಲಿ ಎಡಗೆನ್ನೆ ಊದಿದೆ, ಇನ್ನರ್ಧದಲ್ಲಿ ಬಲಗೆನ್ನೆ. "ಅಯ್ಯೋ ನಿಮ್ಮ, ನಂಗೇನು ಹಲ್ಲುನೋವು ಅಂದ್ಕಂಡ್ರಾ?" ಎಂದು ಅಜ್ಜಿ ಬಿದ್ದು ಬಿದ್ದು ನಕ್ಕಳು. ನಾನು ನಗಲಿಲ್ಲ. ನನ್ನ ಹಾಳೆಯಲ್ಲಿ ಅವಳ ಎಡಗಣ್ಣಿನ ಕೆಳಗೆ ಒಂದು ಮಚ್ಚೆ ಇತ್ತು. ಚಿಕ್ಕಂದಿನಿಂದ ಅವಳ ಮಗ್ಗುಲಲ್ಲೇ ಮಲಗಿದವಳಿಗೆ ಆ ಮಚ್ಚೆ ಕಂಡದ್ದು ಅವತ್ತೇ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಜ್ಜಿ ಕಿಟಕಿಯ ಕಡೆ ತಿರುಗಿ ಕೂತಳು. ನನ್ನ ಓದಿನ ಕಥೆ ಮುಗಿಯಿತು ಎಂದುಕೊಂಡೆ. ಕಿಬ್ಬನಹಳ್ಳಿ ಹತ್ತಿರವಾಗುವಾಗ ಕಿಟಕಿಯಾಚೆ ನೋಡುತ್ತಲೇ ಹೇಳಿದಳು.

"ನನ್ ಮುಖ ನೋಡಿದ್ರೆ ಹೋದ ಕೆಲ್ಸ ಕೆಡ್ತದೆ ಅಂತ ಕೊಟ್ಟಿಗೆ ಸೇರ್ಕಂತಿದ್ದೆ ಕಣೇ. ಇವತ್ತು ಅಷ್ಟು ಜನ ಮಕ್ಳು ಮಧ್ಯಾಹ್ನದ ಗಂಟ ಅದನ್ನೇ ನೋಡಿದ್ರು. ಒಬ್ರೂ ಮುಖ ತಿರುಗಿಸ್ಲಿಲ್ಲ."

ಅವಳ ಕೈ ಹಿಡಿದುಕೊಂಡೆ. "ಬುಡೇ, ಬಸ್ಸಲ್ಲಿ ಎಲ್ಲಾ ನೋಡ್ತಾರೆ" ಎಂದು ಕೊಸರಿಕೊಂಡಳು.

ಜಗಲಿಯ ಮೇಲೆ ಅಪ್ಪ ಕಾದಿದ್ದರು. "ಏನವ್ವಾ, ಬುಡಿಸ್ಲಾ?"

"ಬುಡಿಸಿ ನೋಡು, ಕಾಲು ಮುರೀತೀನಿ" ಎಂದು ಅಜ್ಜಿ ಸೀದಾ ಒಳಗೆ ಹೋದಳು.

ಕೆಲವು ತಿಂಗಳಾದ ಮೇಲೆ ಪರೀಕ್ಷೆ ಬಂತು. ಅವತ್ತು ಬೆಳಿಗ್ಗೆ ದೇವರಿಗೆ ಕೈಮುಗಿದು, ಡ್ರಾಯಿಂಗ್ ಬೋರ್ಡು ಕಂಕುಳಿಗೆ ಸಿಕ್ಕಿಸಿಕೊಂಡು ಹೊಸ್ತಿಲು ದಾಟಿದೆ. ಅಂಗಳದ ನಡುವೆ ಅಜ್ಜಿ ನಿಂತಿದ್ದಳು. ಮುಖ ತೊಳೆದು, ವಿಭೂತಿ ಇಟ್ಟು, ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿಕೊಂಡಿದ್ದಳು. ಬಾಗಿಲಲ್ಲಿದ್ದ ನನ್ನವ್ವ "ಅಯ್ಯೋ ಅತ್ತೇ" ಎಂದವಳು ಅಲ್ಲಿಗೇ ನಿಲ್ಲಿಸಿದಳು. ಅಪ್ಪ ತಲೆ ತಗ್ಗಿಸಿಕೊಂಡರು.

"ಸರ್ಯಾಗಿ ನೋಡ್ಕಂಡು ಹೋಗೇ" ಎಂದಳು ಅಜ್ಜಿ. "ಅಲ್ಲಿ ಮುಖ ಬರಿ ಅಂದ್ರೆ ಮರ್ತ್‌ಬುಟ್ಟೀಯಾ."

ನೋಡಿಕೊಂಡೇ ಹೋದೆ. ಪಾಸಾದೆ. ಆಮೇಲೆ ಜೀವನವಿಡೀ ಡ್ರಾಯಿಂಗ್ ಟೀಚರಾಗಿ ಅದರಲ್ಲೇ ಅನ್ನ ಉಂಡೆ. ಅಪಶಕುನವಂತೆ, ಅಪಶಕುನ!