ಶಿವರಾತ್ರಿಗೇ ಬೇಕಾಗಿದ್ದ ಮಲ್ಲಿಗೆ

ಮಲ್ಲಿಗೆಯ ನೆನಪು ಮಲ್ಲಿಗೆಯ ವಾಸನೆಯಿಂದಲೇ ಬರಬೇಕೆಂದಿಲ್ಲ. ನಿನ್ನೆ ತೋಟದವನು ಹಸಿ ಕುರಿಗೊಬ್ಬರ ತಂದು ಅಂಗಳದಲ್ಲಿ ಸುರಿದ. ಆ ಘಾಟಿಗೆ ಮೂಗು ಮುಚ್ಚಿಕೊಂಡು ಒಳಗೆ ಬಂದವಳಿಗೆ ಹೊಸಪೇಟೆಯ ದೊಡ್ಡವ್ವ ನೆನಪಾದಳು...

ಸ್ವಂತ ದೊಡ್ಡವ್ವನಲ್ಲ, ಪಕ್ಕದ ಮನೆಯಾಕೆ. ಬಳ್ಳಾರಿ ಸೀಮೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ನಾನು ಕಂಪ್ಲಿಯಿಂದ ಸೊಸೆಯಾಗಿ ಬಂದು ಆರು ತಿಂಗಳಾಗಿತ್ತು. ಆಕೆಯ ಮಗಳನ್ನು ಸಂಡೂರಿಗೆ ಕೊಟ್ಟಿದ್ದರು. ಎರಡು ಬಸಿರು ನಿಂತಿರಲಿಲ್ಲ. ಮೂರನೆಯದು ಏಳು ತಿಂಗಳು ಮುಟ್ಟಿದರೆ ಶಿವರಾತ್ರಿಯ ಮಗ್ಗುಲಿಗೇ ಕುಬಸ, ಅಂದರೆ ಸೀಮಂತ, ಮಾಡಿ, ತನ್ನ ಹಿತ್ತಲಿನ ಮಲ್ಲಿಗೆಯಲ್ಲೇ ಮಗಳಿಗೆ ಜಡೆ ಹೆಣೆಯುತ್ತೇನೆಂದು ದೊಡ್ಡವ್ವ ಹರಕೆ ಹೊತ್ತಿದ್ದಳು.

"ಕನಕಾಂಬರ ಐತಲ್ಲ ದೊಡ್ಡವ್ವ," ಎಂದೆ ನಾನು.

"ಅದಕ್ಕ ವಾಸನಿ ಎಲ್ಲೈತಿ? ಯುಗಾದಿಗೆ ಎಲ್ಲಾರ ಮನ್ಯಾಗೂ ಮಲ್ಲಿಗಿ ಅರಳತೈತಿ. ನನಗ ಅದಕ್ಕೂ ಮೊದ್ಲ ಬೇಕು."

ಸೂಜಿಮಲ್ಲಿಗೆ ಬೇಡವೆಂದಳು, ದುಂಡುಮಲ್ಲಿಗೆಯ ಮೂರು ಗಿಡ ಆರಿಸಿಕೊಂಡಳು. ಸಂಕ್ರಾಂತಿಯಾದ ಮೇಲೆ ಎಲೆ ಕಿತ್ತು, ಬುಡ ಬಿಡಿಸಿ ಬೇರಿಗೆ ಬಿಸಿಲು ತಾಗಿಸಿ, ನೀರು ನಿಲ್ಲಿಸಿದಳು. ಗಿಡ ಚೆನ್ನಾಗಿ ಬಾಡಬೇಕು, ಆಮೇಲೆ ಕುರಿಗೊಬ್ಬರ ಹಾಕಿ ನೀರು ಬಿಟ್ಟರೆ ಒಮ್ಮೆಲೇ ಮೊಗ್ಗು. ಇದೆಲ್ಲ ನನಗೆ ತಿಳಿದದ್ದು ಕೆಲಸ ಕೆಟ್ಟ ಮೇಲೆ.

ಅಷ್ಟರಲ್ಲಿ ಮಗಳನ್ನು ನೋಡಲು ಸಂಡೂರಿಗೆ ಹೊರಟಳು. ಎಮ್ಮೆ ನೋಡಿಕೋ ಎಂದು ಬೀಗದ ಕೈ ಕೊಟ್ಟಳು, ಗಿಡದ ಮಾತೆತ್ತಲಿಲ್ಲ. ಕಾಲುವೆ ಬದಿಯಲ್ಲಿ ಬೆಳೆದ ನನಗೆ ಆ ಬೋಳು ಗಿಡಗಳನ್ನು ನೋಡಿ ಅಯ್ಯೋ ಅನಿಸಿತು. ಎಂಟು ದಿನವೂ ಬಾವಿಯಿಂದ ಸೇದಿ ನೀರು ಹಾಕಿದೆ.

ಬಂದವಳೇ ಹಿತ್ತಲಿಗೆ ಹೋದಳು. ಗಿಡದ ತುಂಬ ಎಳೆ ಚಿಗುರು, ಒಂದು ಮೊಗ್ಗಿಲ್ಲ.

"ನೀರು ಹಾಕಿದೇನ ತಂಗಿ?"

"ದಿನಾ ಎರಡೆರಡು ಕೊಡ!" ಎಂದು ಬೀಗಿದೆ.

ದೊಡ್ಡವ್ವ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟಳು. "ಕಂಪ್ಲಿಯಾಕಿ ನೀ. ಒಣಗಿದ್ದು ನೋಡಿ ತಡಕೊಳ್ಳಾಕ ಆಗಿಲ್ಲ," ಎಂದು, ಬಾಡುವ ಮೊದಲೇ ನೀರು ಬಿದ್ದರೆ ಮೊಗ್ಗಿನ ಬದಲು ಚಿಗುರೇ ಬರುವುದನ್ನು ಬಿಡಿಸಿ ಹೇಳಿದಳು. ಮತ್ತೆ ಬಾಡಿಸಲು ದಿನ ಉಳಿದಿರಲಿಲ್ಲ.

ಕುಬಸದ ದಿನ ಸಂಡೂರಿನ ಬೀಗಿತ್ತಿ ಎಲ್ಲರೆದುರಿಗೆ ಕೇಳಿದಳು. "ಎಲ್ಲೈತ್ರಿ ನಿಮ್ಮ ಹಿತ್ತಲ ಮಲ್ಲಿಗಿ?"

ನನ್ನ ಅತ್ತೆ ಅಲ್ಲೇ ಕೂತಿದ್ದರು. ನಾನು ಕನಕಾಂಬರ ಕಟ್ಟುತ್ತಿದ್ದೆ.

"ನಾನ ಮರತು ನೀರು ಹಾಕಿಬಿಟ್ಟೆನ್ರಿ. ವಯಸ್ಸಾತಲ್ಲ," ಎಂದಳು ದೊಡ್ಡವ್ವ. ನನ್ನ ಕಡೆ ನೋಡಲೂ ಇಲ್ಲ.

"ಮಗಳ ಹರಕಿ ಮರೀತಾರೇನ್ರಿ ಯಾರರ?"

ದೊಡ್ಡವ್ವ ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾನು ಹೂ ಕಟ್ಟುತ್ತಲೇ ಕೂತೆ. ಮಗು ಚೆನ್ನಾಗಿಯೇ ಹುಟ್ಟಿತು. ಆದರೆ ಅದಕ್ಕೆ ಮೈ ಬೆಚ್ಚಗಾದಾಗಲೆಲ್ಲ ಬೀಗರು ತಪ್ಪಿದ ಹರಕೆಯ ಮಾತು ತೆಗೆಯುತ್ತಿದ್ದರಂತೆ...

ದೊಡ್ಡವ್ವ ಹೋಗಿ ಬಹಳ ವರ್ಷಗಳಾದವು. ಆ ಹಿತ್ತಲಲ್ಲಿ ಈಗ ಯಾರದೋ ಮನೆ ಎದ್ದಿದೆ. ಮೊಮ್ಮಕ್ಕಳು ಕೇಳಿದಾಗ ಈ ಕಥೆಯನ್ನು ಎಷ್ಟೋ ಸಲ ನಗುನಗುತ್ತ ಹೇಳಿದ್ದೇನೆ. ಪ್ರತಿ ಸಲವೂ ನೀರು ಹಾಕಿದ್ದು ದೊಡ್ಡವ್ವ ಎಂದೇ ಹೇಳಿದ್ದೇನೆ.