ಪಥ್ಯವಿಲ್ಲದ ಲೈಲಾಕ್ ಸಿರಪ್

ಕ್ಲೈನ್‌ಬರ್ಗ್ ಎಂಬ ವಿದೇಶದ ಊರಿನ ರಸ್ತೆಬದಿಯಲ್ಲಿ ಒಬ್ಬಳು ಅಜ್ಜಿ ಲೈಲಾಕ್ ಎಂಬ ಹೂಗಿಡದ ಸಿರಪ್ ಮಾರುತ್ತಿದ್ದಳು. ಹೂವಿನದಿರಬೇಕು ಅಂದುಕೊಂಡೆ, ಎಲೆಯದಂತೆ! ಕೆಮ್ಮಿಗೆ ಒಳ್ಳೆಯದು ಅನ್ನುತ್ತಾರೆ, ನನಗೇನೂ ಖಾತ್ರಿಯಿಲ್ಲ ಎಂದು ಅಜ್ಜಿ ನಕ್ಕಳು.

ನನ್ನನ್ನು ಕರೆತಂದಿದ್ದ ಧಾರವಾಡದ ಗೆಳತಿ ಶಾಂತಾಳ ಗಂಡನಿಗೆ ವಾರದಿಂದ ಕೆಮ್ಮು. ಅವಳು ಇಂಗ್ಲಿಷಿನಲ್ಲೇ ಗಂಭೀರವಾಗಿ ಪಥ್ಯ ವಿಚಾರಿಸಿದಳು: ಮೊಸರು, ಬದನೆಕಾಯಿ ಬಿಡಬೇಕೇ? ಏನೂ ಬಿಡಬೇಕಿಲ್ಲ, ಬೇಕಾದರೆ ಪ್ಯಾನ್‌ಕೇಕಿನ ಮೇಲೂ ಸುರಿದುಕೊಳ್ಳಿ ಎಂದಳು ಅಜ್ಜಿ.

"ಪಥ್ಯ ಇಲ್ಲಂದ್ರ ಅದೆಂಥಾ ಔಷಧ?" ಎಂದು ನನ್ನ ಕಿವಿಯಲ್ಲಿ ಗೊಣಗಿದರೂ ಶಾಂತಾ ಬಾಟಲಿ ಕೊಂಡಳು.

ಮರುದಿನ ನಾಷ್ಟಾಕ್ಕೆ ಗಂಡನ ದೋಸೆಯ ಮೇಲೆ ಅದನ್ನು ಧಾರಾಳವಾಗಿ ಸುರಿದಳು. ದೋಸೆ ಮುಗಿದ ಮೇಲೆ ಕೇಳಿದಳು, "ಕೆಮ್ಮು ಹೆಂಗೈತ್ರಿ?"

ಅವರು ಕೆಮ್ಮುತ್ತಲೇ ತಟ್ಟೆ ಚಾಚಿದರು.

"ಹಾಂಗ ಐತಿ. ಇನ್ನೊಂದು ದ್ವಾಸಿ ಹಾಕು."