ಯಾಕೂಬ್ ಸಾಬರು ತಿರುಗಿಸಿ ಓದಿದ ಇಸವಿ

ಮೂಡಿಗೆರೆಯಲ್ಲಿ ಕೋವಿ ರಿಪೇರಿ ಮಾಡುತ್ತಿದ್ದ ಯಾಕೂಬ್ ಸಾಬರು, ಕೈಗೆ ಬಂದ ಕೋವಿ ಎಷ್ಟು ಹಳೆಯದೆಂದು ಅದರ ಯಜಮಾನನನ್ನು ಕೇಳುತ್ತಿರಲಿಲ್ಲ.

"ಕೇಳಿದ್ರೆ ಎಲ್ರೂ ಮುತ್ತಜ್ಜನ ಕಾಲದ್ದು ಅಂತಾರೆ ಮಾರಾಯ. ಆ ಮುತ್ತಜ್ಜನ್ನ ನಾನೆಲ್ಲಿ ಹುಡ್ಕಲಿ?" ಎನ್ನುತ್ತಿದ್ದರು.

ಕೋವಿಯೇ ಹೇಳಬೇಕು ಎಂಬುದು ಅವರ ಮತ. ನಳಿಗೆಯ ಮೇಲಿನ ಮುದ್ರೆ, ತಿರುಪುಗಳ ತಲೆ, ತುಕ್ಕಿನ ಬಣ್ಣ ನೋಡಿ ಐದಾರು ವರ್ಷದ ಅಂತರದಲ್ಲಿ ಕಾಲ ಹೇಳುತ್ತಿದ್ದರು. ಕಲಿಸಿದವರು ತಂದೆ ರಜಬ್ ಅಲಿ. ಅವರದೂ ಅದೇ ಕಸುಬು, ಅದೇ ಅಂಗಡಿ.

1938ರ ಜೂನ್ ತಿಂಗಳಲ್ಲಿ ಅಮಲ್ದಾರರು ಯಾಕೂಬ್ ಸಾಬರನ್ನು ಕಚೇರಿಗೆ ಕರೆಸಿದರು. ಮೇಜಿನ ಮೇಲೆ ಮೇಣದ ಬಟ್ಟೆಯಲ್ಲಿ ಸುತ್ತಿದ ಒಂದು ರಿವಾಲ್ವರ್ ಇತ್ತು. ಬಾಳೂರಿನ ಕಡೆಯ ಒಂದು ಎಸ್ಟೇಟಿನೊಳಗೆ ವಾಸವಾಗಿದ್ದ ವಿಧವೆ ರಂಗಮ್ಮನ ಮನೆಯ ಗೋಡೆ ಕುಸಿದಾಗ ಅದು ಮಣ್ಣಿನ ನಡುವಿನಿಂದ ಹೊರಬಿದ್ದಿತ್ತು.

ಆ ಎಸ್ಟೇಟಿನ ಬಿಳಿಯ ದೊರೆ 1885ರ ಮಳೆಗಾಲದಲ್ಲಿ ಗುಡ್ಡದ ಮೇಲಕ್ಕೆ ಹೋದವರು ಮರಳಲಿಲ್ಲ. ಕುದುರೆ ಒಂದೇ ಬಂತು. ಹೋಗುವಾಗ ಸೊಂಟದಲ್ಲಿ ರಿವಾಲ್ವರ್ ಇದ್ದದ್ದನ್ನು ಹಲವರು ಕಂಡಿದ್ದರು. ರಂಗಮ್ಮನ ತಂದೆ ಮಾರಯ್ಯ ಅವರ ಬಟ್ಲರ್. ಮನೆ ಮಾರಯ್ಯನ ವಂಶಕ್ಕೇ ಎಂದು ದೊರೆ ಮೊದಲೇ ಬರೆದುಕೊಟ್ಟಿದ್ದರು. ಈಗಿನ ಮ್ಯಾನೇಜರ್ ಚನ್ನಕೇಶವಯ್ಯನವರಿಗೆ ಆ ಜಾಗ ಬೇಕಿತ್ತು. ಮಾರಯ್ಯನೇ ದೊರೆಯನ್ನು ಕೊಂದು ರಿವಾಲ್ವರ್ ಅಡಗಿಸಿದ, ಕೊಂದವನಿಗೆ ಕೊಟ್ಟ ಮನೆ ಊರ್ಜಿತವಲ್ಲ ಎಂದು ಅವರು ಅರ್ಜಿ ಕೊಟ್ಟಿದ್ದರು.

ಸತ್ತ ಮಾರಯ್ಯ ಬದುಕಿದ್ದಾಗ ಹೇಳುತ್ತಿದ್ದ ಕಥೆ ಬೇರೆ. ದೊರೆ ಕಾಣೆಯಾದ ಮೂರನೆಯ ವರ್ಷ, ಮಧ್ಯಾಹ್ನ, ಜಡಿಮಳೆಯಲ್ಲಿ ಅವರೇ ಬಾಗಿಲಿಗೆ ಬಂದರಂತೆ. ಒಂದು ಗಂಟು ಕೊಟ್ಟು, "ಇಟ್ಟಿರು, ಬಂದು ತಗೊಳ್ತೀನಿ" ಎಂದು ಗುಡ್ಡದ ದಾರಿ ಹಿಡಿದರಂತೆ. ಅವರ ಟೋಪಿ ಒದ್ದೆಯಾಗಿರಲಿಲ್ಲವಂತೆ. ಕೇಳಿದವರು ನಗುತ್ತಿದ್ದರು. ರಂಗಮ್ಮನೂ ಅದನ್ನು ಮುದುಕನ ಮಾತೆಂದೇ ತಿಳಿದಿದ್ದಳು.

ಯಾಕೂಬ್ ಸಾಬರು ರಿವಾಲ್ವರನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬರ್ಮಿಂಗ್‌ಹ್ಯಾಮಿನ ಕಿರೀಟದ ಮುದ್ರೆ ನಳಿಗೆಯ ಮೇಲೂ ತೋಟಾ ಕೂರುವ ಉರುಳೆಯ ಆರೂ ಗೂಡುಗಳ ಮೇಲೂ ಇತ್ತು. ಪಕ್ಕದ ಪುಟ್ಟ ಬಾಗಿಲು ತೆರೆದು ಒಂದೊಂದೇ ತೋಟಾ ತುಂಬುವ ಹಳೆಯ ಮಾದರಿ.

"ಎಪ್ಪತ್ತರಿಂದ ಎಪ್ಪತ್ತೈದರೊಳಗೆ ಮಾಡಿದ್ದು ಸ್ವಾಮಿ. ಇಲ್ಲಿ ಕೊರೆದಿರೋ ಅಕ್ಷರ ಆ ದೊರೆ ಹೆಸರಿಂದೇ."

"ಅಲ್ಲಿಗೆ ಮುಗೀತಲ್ಲ," ಎಂದರು ಚನ್ನಕೇಶವಯ್ಯ.

ಸಾಬರು ತಿರುಪು ಬಿಚ್ಚಿ ಹಿಡಿಯ ಮರದ ತುಂಡನ್ನು ತೆಗೆದರು. ಒಳಮೈಯಲ್ಲಿ ಉಳಿಯಿಂದ ಗೀಚಿದ ಎರಡು ಉರ್ದು ಅಂಕಿಗಳಿದ್ದವು. ರಿಪೇರಿ ಮಾಡಿದ ಇಸವಿಯನ್ನು ಹಾಗೆ ಒಳಗೆ ಬರೆಯುವುದು ರಜಬ್ ಅಲಿಯವರ ಪದ್ಧತಿ.

"ನಮ್ಮ ಅಬ್ಬಾನ ಕೈ. ಎಪ್ಪತ್ತೇಳು."

"ದೊರೆ ಇದ್ದಾಗಿನ ರಿಪೇರಿ. ಆಮೇಲೆ ಮಾರಯ್ಯನ ಗೋಡೆಗೆ ಹೋಯ್ತು. ಇನ್ನೇನು ನೋಡೋದಿದೆ ಸಾಬ್ರೇ? ಮುಚ್ಚಿ," ಎಂದರು ಮ್ಯಾನೇಜರ್. ಬಾಗಿಲ ಬಳಿ ನಿಂತಿದ್ದ ರಂಗಮ್ಮ ಗೋಡೆಗೆ ಒರಗಿದಳು.

ಸಾಬರು ಮುಚ್ಚಲಿಲ್ಲ. ಅಂಕಿಗಳ ಮೇಲ್ಗಡೆ ಒಂದು ಬೋಗುಣಿಯಂಥ ಗುರುತಿತ್ತು. ಅಬ್ಬಾ ಎಂದೂ ಬೋಗುಣಿ ಗೀಚಿದವರಲ್ಲ. ಸ್ವಲ್ಪ ಹೊತ್ತು ನೋಡಿ, ಮರದ ತುಂಡನ್ನು ಮೆಲ್ಲಗೆ ತಲೆಕೆಳಗು ಮಾಡಿದರು.

"ತಪ್ಪಾಯ್ತು ಸ್ವಾಮಿ. ಎಂಬತ್ತೆಂಟು."

"ಈಗ ತಾನೆ ಎಪ್ಪತ್ತೇಳು ಅಂದ್ರಲ್ಲ? ತಿರುಗಿಸಿದ್ರೆ ಹನ್ನೊಂದು ವರ್ಷ ಹೋಗುತ್ತೋ?" ಎಂದು ಮ್ಯಾನೇಜರ್ ನಕ್ಕರು.

"ಹೋಗುತ್ತೆ. ನಮ್ಮ ಏಳು ಮರದ ಕವಲಿನ ಹಾಗೆ, ಬಾಯಿ ಮೇಲೆ. ಅದನ್ನೇ ಬೋರಲು ಹಾಕಿದ್ರೆ ಎಂಟು. ಅಬ್ಬಾ ನಳಿಗೇನ ಯಾವತ್ತೂ ಎದೆ ಕಡೆ ತಿರುಗಿಸ್ತಿರಲಿಲ್ಲ. ನಳಿಗೆ ಅತ್ತ, ಹಿಡಿ ಇತ್ತ ಇಟ್ಕೊಂಡೇ ಬರೀತಿದ್ದದ್ದು. ನಾನು ನಳಿಗೆ ಇತ್ತ ಹಿಡ್ಕೊಂಡು ಓದ್ಬಿಟ್ಟೆ."

"ಆ ಬೋಗುಣಿ?" ಅಮಲ್ದಾರರು ಕೇಳಿದರು.

ಈಗ ಅದು ಇಸವಿಯ ಕೆಳಗಿತ್ತು, ಅಂಚುಳ್ಳ ಟೋಪಿಯಂತೆ.

"ಆಳಿನ ಕೈಲಿ ಕಳಿಸಿದ್ರೆ ಅಬ್ಬಾ ಬರೀ ಒಂದು ಗೀಟು ಹಾಕ್ತಿದ್ರು ಸ್ವಾಮಿ. ದೊರೆಯೇ ಅಂಗಡಿಗೆ ಬಂದ್ರೆ ಟೋಪಿ."

ಅಮಲ್ದಾರರು ಅರ್ಜಿಯಲ್ಲಿದ್ದ 1885ರ ಮೇಲೆ ಬೆರಳಿಟ್ಟರು.

"ಬೇರೆ ಯಾರೋ ದೊರೆ ತಂದಿರಬಹುದು," ಎಂದರು ಚನ್ನಕೇಶವಯ್ಯ. ಅವರ ದನಿ ಮೊದಲಿನಂತಿರಲಿಲ್ಲ.

"ಯಾರಾದ್ರೂ ಆಗ್ಲಿ," ಎಂದು ಅಮಲ್ದಾರರು ಲೇಖನಿ ತೆಗೆದುಕೊಂಡರು. "ಎಂಬತ್ತೈದರಲ್ಲಿ ಮಾರಯ್ಯ ಬಚ್ಚಿಟ್ಟಿದ್ದ ಅನ್ನೋ ನಿಮ್ಮ ಮಾತು ನಿಲ್ಲಲ್ಲ."

ಅರ್ಜಿ ವಜಾ ಆಯಿತು. ರಿವಾಲ್ವರ್ ಸರ್ಕಾರದ ಖಜಾನೆ ಸೇರಿತು.

ಕೆಲವು ವಾರಗಳ ನಂತರ ಆ ದಾರಿಯಲ್ಲಿ ಹೋಗುತ್ತಿದ್ದ ಯಾಕೂಬ್ ಸಾಬರು ರಂಗಮ್ಮನ ಮನೆಯ ಮುಂದೆ ನಿಂತರು. ಕುಸಿದ ಗೋಡೆ ಹಾಗೆಯೇ ಇತ್ತು, ಚಾಪೆ ಕಟ್ಟಿ ಮರೆ ಮಾಡಿದ್ದಳು. ಗುಡ್ಡದ ಕಡೆಗಿದ್ದ ಮುಂಬಾಗಿಲನ್ನು ಮಾತ್ರ ಹೊಸ್ತಿಲಿನಿಂದ ಮೇಲಿನವರೆಗೆ ಕಲ್ಲು ಮಣ್ಣಿನಿಂದ ಕಟ್ಟಿಸಿದ್ದಳು. ಹಿತ್ತಲಿನಿಂದ ಸುತ್ತಿ ಬಂದಳು.

"ಮನೆ ಉಳೀತಲ್ಲಮ್ಮ," ಎಂದರು ಸಾಬರು.

"ಉಳೀತು. ನಿಮ್ಮಿಂದ ಉಳೀತು." ಅವಳು ಗುಡ್ಡದ ಕಡೆ ನೋಡಲಿಲ್ಲ. "ಅಪ್ಪ ಸುಳ್ಳು ಹೇಳಿದ್ದಿದ್ರೇ ಚೆನ್ನಾಗಿತ್ತು ಸಾಬ್ರೇ. ಬಂದು ತಗೊಳ್ತೀನಿ ಅಂದಿದಾರಂತೆ ದೊರೆ. ಈಗ ಬಂದು ಕೇಳಿದ್ರೆ ನಾನೇನು ಕೊಡ್ಲಿ?"